ಒಂದು ಸೈಜ್ ದೊಡ್ಡ ಕಾರ್ಡು

ನಮ್ಮ ರಸ್ತೆಯ ರಾಮಪ್ರಸಾದರಿಗೆ ಬದುಕಿನಲ್ಲಿ ಸಿದ್ಧಾಂತ ಎಂದು ಇದ್ದದ್ದು ಒಂದೇ. ಏನು ಕೊಂಡರೂ ಒಂದು ಸೈಜ್ ದೊಡ್ಡದನ್ನೇ ಕೊಳ್ಳಬೇಕು. ಬನಶಂಕರಿ ಎರಡನೇ ಹಂತದಲ್ಲಿ ಈ ಸಿದ್ಧಾಂತಕ್ಕೆ ಅನುಯಾಯಿಗಳು ಬೇಕಾದಷ್ಟಿದ್ದಾರೆ, ಆದರೆ ಅವರಷ್ಟು ನಿಷ್ಠೆಯಿಂದ ನಡೆದುಕೊಂಡವರನ್ನು ನಾನು ಕಂಡಿಲ್ಲ. ಮಗಳು ಪ್ರಕೃತಿ ಇನ್ನೂ ಅಂಗನವಾಡಿಯ ವಯಸ್ಸಿನಲ್ಲಿದ್ದಾಗಲೇ ಹೆಂಡತಿ ತೀರಿಕೊಂಡರು. ಆಮೇಲೆ ಮಗುವಿನ ಬಟ್ಟೆ, ಬೂಟು, ಸ್ವೆಟರು ತರುವ ಕೆಲಸ ಇವರ ಪಾಲಿಗೆ ಬಂತು. ಜಯನಗರ ಫೋರ್ತ್ ಬ್ಲಾಕಿನ ಅಂಗಡಿಯವನು ಅಳತೆ ಕೇಳಿದರೆ ರಾಮಪ್ರಸಾದರು ಗಾಳಿಯಲ್ಲಿ ಕೈ ಚಾಚಿ ಮಗಳ ಎತ್ತರ ತೋರಿಸುತ್ತಿದ್ದರು. ತೋರಿಸಿದ ಮೇಲೆ ತಮಗೇ ಅನುಮಾನವಾಗಿ ಕೈಯನ್ನು ಇನ್ನೊಂದು ಗೇಣು ಮೇಲೆತ್ತುತ್ತಿದ್ದರು.

“ಬೆಳೀತಾಳೆ ಬಿಡಿ. ಒಂದು ಸೈಜ್ ದೊಡ್ಡದೇ ಕೊಡಿ.”

ಹೀಗಾಗಿ ಪ್ರಕೃತಿ ಶಾಲೆಗೆ ಹೊರಟರೆ ಹುಡುಗಿ ಕಾಣುತ್ತಿರಲಿಲ್ಲ, ಯೂನಿಫಾರಂ ಒಂದು ತಾನಾಗಿ ನಡೆದು ಹೋಗುವುದು ಕಾಣುತ್ತಿತ್ತು. ಬೆಳಗ್ಗೆ ಗೇಟಿನ ಹತ್ತಿರ ಅಪ್ಪ ಕುಕ್ಕರಗಾಲಲ್ಲಿ ಕೂತು ಅವಳ ತೋಳು ಮಡಿಸುವುದು, ಶಾಲೆಯ ವ್ಯಾನಿನವನು ಹಾರ್ನ್ ಹೊಡೆಯುವುದು, ವರಾಂಡದ ಬೆಂಚಿನ ಮೇಲೆ ಬತ್ತಿ ಹೊಸೆಯುತ್ತಾ ಕೂತ ಅಜ್ಜಿ ಸೀತಮ್ಮ ವ್ಯಾನಿನವನಿಗೆ ತಿಂಡಿ ಆಯಿತೇ ಎಂದು ಕೇಳುವುದು, ಇವು ನಮ್ಮ ರಸ್ತೆಯ ನಿತ್ಯದ ಸಂಗತಿಗಳಾಗಿದ್ದವು. ಸೀತಮ್ಮನವರು ಆ ಬೆಂಚಿನಿಂದಲೇ ಇಡೀ ರಸ್ತೆಯ ಊಟ ತಿಂಡಿ ವಿಚಾರಿಸಿಕೊಳ್ಳುತ್ತಿದ್ದರು. ಕಂಬ ಹತ್ತಿದ ಲೈನ್‌ಮನ್ ಕೂಡ ಮೇಲಿನಿಂದಲೇ ಉತ್ತರ ಕೊಡಬೇಕಾಗಿತ್ತು.

ಈಗ ಪ್ರಕೃತಿ ಆನಿಮೇಷನ್ ಓದಿನ ಕೊನೆಯ ವರ್ಷದಲ್ಲಿದ್ದಾಳೆ. ತಾನೇ ಮಾಡಿದ ಪುಟ್ಟ ಚಿತ್ರವೊಂದನ್ನು ಶುಕ್ರವಾರ ಸಂಜೆ ಐದರೊಳಗೆ ಕಾಲೇಜಿಗೆ ಕಳಿಸಬೇಕಿತ್ತು. ತಪ್ಪಿದರೆ ಒಂದು ವರ್ಷ ಹೋದ ಹಾಗೆ. ಅದರ ಹಿಂದಿನ ವಾರ ಅವಳ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು, ಅಂದರೆ ಚಿತ್ರದ ಲೆಕ್ಕವನ್ನೆಲ್ಲ ಹಾಕುವ ಭಾಗ, ಸುಟ್ಟುಹೋಯಿತು. ಹುಡುಗಿ ಊಟ ಬಿಟ್ಟು ಕೂತಳು. ರಾಮಪ್ರಸಾದರು ಎದೆ ಸೆಟೆಸಿ, ಕಾರ್ಡು ತಾನೇ, ನಾನೇ ತರುತ್ತೇನೆ, ನಿನಗೆ ಬೇಕಾದ್ದೆಲ್ಲ ಇಷ್ಟು ವರ್ಷ ತಂದವನು ನಾನೇ ಅಲ್ಲವೇ ಎಂದರು. ಪ್ರಕೃತಿಗೆ ಅದೇ ಭಯ. ಆದರೆ ಅಪ್ಪನ ಮುಖ ನೋಡಿ ಬೇಡ ಎನ್ನಲು ಮನಸ್ಸು ಬರಲಿಲ್ಲ.

ವಿಮಾ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದ ರಾಮಪ್ರಸಾದರಿಗೆ ಗೊತ್ತಿದ್ದ ಕಾರ್ಡುಗಳೆಂದರೆ ರೇಷನ್ ಕಾರ್ಡು, ಆಧಾರ್ ಕಾರ್ಡು, ಹೆಚ್ಚೆಂದರೆ ಎ.ಟಿ.ಎಂ. ಕಾರ್ಡು. ಇದೂ ಹಾಗೇ ಇರುತ್ತದೆಂದು ಮೇಲುಜೇಬಿನಲ್ಲಿದ್ದ ಕನ್ನಡಕವನ್ನು ಪ್ಯಾಂಟಿನ ಜೇಬಿಗೆ ವರ್ಗಾಯಿಸಿ, ಮೇಲುಜೇಬನ್ನು ಕಾರ್ಡಿಗೆಂದು ಖಾಲಿ ಇಟ್ಟುಕೊಂಡು ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋದರು. ಅಲ್ಲಿ ಅಂಗಡಿಯವನು ಎದುರಿಗಿಟ್ಟ ಡಬ್ಬಗಳನ್ನು ನೋಡಿ, ನಾನು ಕೇಳಿದ್ದು ಕಾರ್ಡು, ಮಿಕ್ಸಿ ಅಲ್ಲ ಎಂದರು. ಅಂಗಡಿಯವನು ತಾಳ್ಮೆಯಿಂದ ವಿವರಿಸಿದ. ಒಳಗಿರುವ ಚಿಪ್ ಎಲ್ಲದರಲ್ಲೂ ಒಂದೇ. ಅದು ಬಿಸಿಯಾಗುತ್ತದೆ, ತಣ್ಣಗಿಡಬೇಕು. ಅದಕ್ಕಾಗಿ ಒಬ್ಬೊಬ್ಬ ತಯಾರಕ ತನ್ನದೇ ಮೈಕಟ್ಟು ಮಾಡುತ್ತಾನೆ. ಇದು ಎರಡು ಫ್ಯಾನಿನದು, ಇದು ಮೂರು ಫ್ಯಾನಿನದು. ಮೂರು ಫ್ಯಾನಿನದು ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದವಿತ್ತು, ಇಟ್ಟಿಗೆಯಷ್ಟು ದಪ್ಪವಿತ್ತು. ಇದು ಕೂರಬೇಕಾದ ನಿಮ್ಮ ಕಂಪ್ಯೂಟರ್ ಕ್ಯಾಬಿನೆಟ್ಟಿನ ಅಳತೆ ಎಷ್ಟು ಸಾರ್ ಎಂದು ಅವನು ಕೇಳಿದ. ರಾಮಪ್ರಸಾದರ ಕೈ ತಾನಾಗಿ ಗಾಳಿಯಲ್ಲಿ ಎದ್ದಿತು, ಒಂದು ಗಳಿಗೆ ನಿಂತಿತು, ಮತ್ತೆ ಒಂದು ಗೇಣು ಮೇಲೇರಿತು.

ಮನೆಯಲ್ಲಿ ಡಬ್ಬ ಬಿಚ್ಚಿದಾಗ ಪ್ರಕೃತಿ ಅಳತೆ ಹಿಡಿದು ನೋಡಿದಳು. ಕಾರ್ಡು ಕ್ಯಾಬಿನೆಟ್ಟಿಗಿಂತ ನಾಲ್ಕು ಬೆರಳು ಉದ್ದ.

“ಅಪ್ಪ, ನಾನೇನೋ ಬೆಳೆದೆ ಸರಿ. ಕ್ಯಾಬಿನೆಟ್ ಬೆಳೆಯಲ್ಲ.”

ರಾಮಪ್ರಸಾದರು ಮುಖ ಸಣ್ಣದು ಮಾಡಿಕೊಂಡರು. ಹೋಗಿ ಬದಲಾಯಿಸಿಕೊಂಡು ಬರುತ್ತೇನೆಂದು ಚಪ್ಪಲಿ ಮೆಟ್ಟಿದವರನ್ನು ಮಗಳೇ ತಡೆದು, ಇರಲಿ, ಈಗ ಅದಕ್ಕೆಲ್ಲ ಹೊತ್ತಿಲ್ಲ ಎಂದಳು. ಅಜ್ಜಿ ಮಾತ್ರ ಕನ್ನಡಕ ಏರಿಸಿ ಆ ಕರಿಯ ವಸ್ತುವನ್ನು ತಿರುಗಿಸಿ ತಿರುಗಿಸಿ ನೋಡಿ, ಇಷ್ಟು ದೊಡ್ಡದು ಮಾಡುವ ಕೆಲಸವಾದರೂ ಏನು ಎಂದು ಕೇಳಿದರು. ಇದರಲ್ಲಿ ಕೆಲಸ ಮಾಡುವುದು ಹೆಬ್ಬೆರಳಿನ ಉಗುರಿನಷ್ಟು ಜಾಗ ಅಜ್ಜಿ, ಉಳಿದದ್ದೆಲ್ಲ ಅದನ್ನು ತಣ್ಣಗಿಡುವುದಕ್ಕೆ ಎಂದಳು ಪ್ರಕೃತಿ.

“ನಿಮ್ಮ ತಾತನ ಥರ,” ಎಂದರು ಸೀತಮ್ಮ. “ಮೂರು ಫ್ಯಾನಿನ ಕೆಲಸ ನಾನೊಬ್ಬಳೇ ಮಾಡ್ತಿದ್ದೆ.”

ಕೊನೆಗೆ ಕ್ಯಾಬಿನೆಟ್ಟಿನ ಬಾಗಿಲು ಕಳಚಿ, ಮುಂದಿನ ತಗಡು ಕಿತ್ತು, ಅದನ್ನು ಅಂಗಾತ ಮಲಗಿಸಿ, ಕಾರ್ಡಿನ ಬಾಲ ಹೊರಗೆ ಬರುವಂತೆ ಜೋಡಿಸಿದರು. ಮಲಗಿಸಲು ಉದ್ದನೆಯ ಜಾಗ ಬೇಕಿತ್ತು. ವರಾಂಡದಲ್ಲಿದ್ದ ಸೀತಮ್ಮನವರ ಬೆಂಚು ಒಳಗೆ ಹೋಯಿತು. ಮನೆಯಲ್ಲಿ ತಂಪಾದ ಕೋಣೆಯೆಂದರೆ ಕೆಂಪು ಗಾರೆಯ ನೆಲವಿದ್ದ ಸೀತಮ್ಮನವರ ಕೋಣೆ. ಕಂಪ್ಯೂಟರು ಅಲ್ಲಿಗೇ ಹೋಯಿತು. ಪಕ್ಕದ ಸೈಟಿನಲ್ಲಿ ಹಳೆ ಮನೆ ಕೆಡವುತ್ತಿದ್ದ ಕಾರಣ ದೂಳು ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದರು. ಬೆಂಚಿಲ್ಲದ ವರಾಂಡದಲ್ಲಿ ಸೀತಮ್ಮನವರಿಗೆ ಕೆಲಸವಿಲ್ಲವಾಗಿ ಅವರೂ ಒಳಗೇ ಉಳಿದರು.

ಚಿತ್ರ ಏನೆಂದು ಮಗಳು ಬಾಯಿ ಬಿಡಲಿಲ್ಲ. ಅದರಲ್ಲಿ ಬಟ್ಟೆಯ ಮಡಿಕೆಗಳೇ ಜಾಸ್ತಿ, ಒಂದೊಂದು ಮಡಿಕೆ ಅಲ್ಲಾಡಿದರೂ ಕಾರ್ಡು ಕೂತು ಲೆಕ್ಕ ಹಾಕಬೇಕು, ಅದಕ್ಕೇ ಇಷ್ಟು ಬಿಸಿ ಎಂದಷ್ಟೇ ಹೇಳಿದಳು. ಏಪ್ರಿಲ್ ತಿಂಗಳು, ಮುಚ್ಚಿದ ಕಿಟಕಿ. ಶುಕ್ರವಾರ ಬೆಳಗಿನ ಹೊತ್ತಿಗೆ ಆ ಕೋಣೆಯಲ್ಲಿ ಹಪ್ಪಳ ಒಣಗಿಸಬಹುದಿತ್ತು. ಬಿಸಿ ಇನ್ನೂ ಏರಿದರೆ ಕಾರ್ಡು ತಾನಾಗಿ ನಿಧಾನವಾಗುತ್ತದೆ, ನಿಧಾನವಾದರೆ ಐದಕ್ಕೆ ಮುಗಿಯುವುದಿಲ್ಲ ಎಂದು ಮಗಳು ಅಳುಮುಖ ಮಾಡಿದಳು. ತಪ್ಪೆಲ್ಲ ತಮ್ಮದೇ ಎಂದುಕೊಂಡ ರಾಮಪ್ರಸಾದರು ನಿದ್ದೆಗೆಟ್ಟ ಕಣ್ಣುಗಳಲ್ಲೇ ಹೊರಗೆ ಓಡಿ, ಗೂಡ್ಸ್ ಆಟೊದಲ್ಲಿ ದೊಡ್ಡದೊಂದು ಐಸ್‌ಗಡ್ಡೆ ತಂದರು. ಅದನ್ನು ಮದುವೆ ಮನೆಯ ಪರಾತದಲ್ಲಿಟ್ಟು, ಕಾರ್ಡಿಗೆ ನೀರು ತಾಗದಷ್ಟು ದೂರದಲ್ಲಿ ನಿಲ್ಲಿಸಿ, ಹಿಂದಿನಿಂದ ಟೇಬಲ್ ಫ್ಯಾನ್ ಹಚ್ಚುವುದು ಅವರ ಯೋಜನೆ. ಯೋಜನೆಯಲ್ಲಿ ತಪ್ಪೇನೂ ಇರಲಿಲ್ಲ. ಐಸ್‌ಗಡ್ಡೆಯೂ ಒಂದು ಸೈಜ್ ದೊಡ್ಡದೇ ಇತ್ತು.

ಆದರೆ ಗೋಣಿ ಸುತ್ತಿದ ಉದ್ದನೆಯ ಐಸ್‌ಗಡ್ಡೆಯನ್ನು ಇಬ್ಬರು ಹೊತ್ತು ಮನೆಯೊಳಗೆ ಹೋಗುವುದಕ್ಕೆ ನಮ್ಮ ರಸ್ತೆಯಲ್ಲಿ ಒಂದೇ ಅರ್ಥ. ದೂರದಿಂದ ಯಾರೋ ಬರಬೇಕು, ಬರುವವರೆಗೆ ಕಾಯಬೇಕು. ಎದುರುಮನೆಯ ಭಾಗ್ಯಜ್ಯೋತಿ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವರು ಹಾಗೇ ನಿಂತರು. ಸೀತಮ್ಮನವರು ವರಾಂಡದಲ್ಲಿ ಕಾಣದೆ ನಾಲ್ಕೈದು ದಿನವಾಗಿತ್ತು. ಬೆಂಚು ಒಳಗೆ ಹೋಗಿತ್ತು. ಕಿಟಕಿ ಮುಚ್ಚಿತ್ತು. ಐಸ್ ಹೋದದ್ದು ಸೀತಮ್ಮನವರ ಕೋಣೆಗೆ. ಇಷ್ಟು ಸಾಕ್ಷಿಯಿದ್ದರೆ ಕೋರ್ಟು ಕೂಡ ಬೇರೆ ತೀರ್ಪು ಕೊಡುವುದಿಲ್ಲ.

ಭಾಗ್ಯಜ್ಯೋತಿ ಗೇಟಿನ ಹತ್ತಿರ ಬಂದು, “ಯಾವಾಗ ಸಾರ್?” ಎಂದರು.

“ಸಂಜೆ ಐದಕ್ಕೆ ಮೇಡಂ,” ಎಂದರು ರಾಮಪ್ರಸಾದರು, ಮಗಳ ಚಿತ್ರದ ವಿಷಯ ಈಕೆಗೆ ಹೇಗೆ ತಿಳಿಯಿತೆಂದು ಆಶ್ಚರ್ಯಪಡುತ್ತಾ. “ಅಲ್ಲೀವರೆಗೂ ಐಸ್ ತಡೆದ್ರೆ ಸಾಕು.”

ಆಕೆ ಸೆರಗು ಬಾಯಿಗೆ ಹಿಡಿದು ತಲೆಯಾಡಿಸಿ ಹೋದರು. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಒಂದು ಡಬ್ಬಿ ಉಪ್ಪಿಟ್ಟು, ಒಂದು ಫ್ಲಾಸ್ಕ್ ಕಾಫಿ ಬಂತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬುದು ಭಾಗ್ಯಜ್ಯೋತಿಗೆ ಗೊತ್ತಿತ್ತು. ರಾಮಪ್ರಸಾದರಿಗೆ ಗೊತ್ತಿದ್ದದ್ದು ತಮಗೆ ಹಸಿವಾಗಿದೆ ಎಂಬುದಷ್ಟೇ. ಉಪ್ಪಿಟ್ಟನ್ನು ಮೂವರೂ ಹಂಚಿಕೊಂಡು ತಿಂದರು. ಗೋಡಂಬಿ ಹಾಕಬಹುದಿತ್ತು ಎಂದು ಸೀತಮ್ಮ ಅಭಿಪ್ರಾಯಪಟ್ಟರು.

ಮಧ್ಯಾಹ್ನದ ಹೊತ್ತಿಗೆ ಜನ ಬರತೊಡಗಿದರು. ಇಂಥ ಸಂದರ್ಭದಲ್ಲಿ ನಮ್ಮಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೈ ಹಿಡಿದುಕೊಳ್ಳುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಮೂಲೆಯಲ್ಲಿ ಕೂರುತ್ತಾರೆ. ನಾನೂ ಹೋಗಿ ಕೈ ಹಿಡಿದುಕೊಂಡೆ. ರಾಮಪ್ರಸಾದರು ಮೊದಮೊದಲು ಮಗಳ ಪರೀಕ್ಷೆಯ ಬಗ್ಗೆ ರಸ್ತೆಯವರು ತೋರಿಸುತ್ತಿರುವ ಕಾಳಜಿಗೆ ಕರಗಿಹೋದರು. ಆದರೆ ಎದ್ದು ಹೋಗುವವರು ಒಬ್ಬರೂ ‘ಬರ್ತೀನಿ’ ಎನ್ನದೆ ಸುಮ್ಮನೆ ಚಪ್ಪಲಿ ಮೆಟ್ಟಿ ಹೋಗುವುದನ್ನು ಕಂಡಾಗ ಅವರಿಗೆ ಏನೋ ಸರಿಯಿಲ್ಲ ಎನ್ನಿಸಿತು. ಬರ್ತೀನಿ ಎನ್ನದೆ ಎದ್ದು ಹೋಗುವುದು ಒಂದೇ ಒಂದು ಬಗೆಯ ಮನೆಯಿಂದ.

ಅಷ್ಟರಲ್ಲಿ ನಿವಾಸಿಗಳ ಸಂಘದ ಅಧ್ಯಕ್ಷ ನಂದಕುಮಾರ್ ಒಂದು ಹಾರದೊಂದಿಗೆ ಬಂದರು. ಹಾರ ಎಷ್ಟು ದೊಡ್ಡದೆಂದರೆ ಅದರ ಒಂದು ತುದಿ ಅವರೊಂದಿಗೆ ಒಳಗೆ ಬಂದಾಗ ಇನ್ನೊಂದು ತುದಿಯನ್ನು ನಾನು ಗೇಟಿನಲ್ಲಿ ಹಿಡಿದಿದ್ದೆ. ರಾಮಪ್ರಸಾದರಿಗೆ ಆಗ ಎಲ್ಲವೂ ಹೊಳೆಯಿತು. ಅಯ್ಯೋ, ಅಮ್ಮ ಒಳಗೆ ಉಪ್ಪಿಟ್ಟು ತಿಂದು ಕೂತಿದ್ದಾರೆ ಎಂದು ಹೇಳಲು ಅವರು ಬಾಯಿ ತೆರೆದರು. ನಂದಕುಮಾರ್ ಅವರ ಭುಜ ಒತ್ತಿ ಹಿಡಿದರು.

“ಕರೆಂಟಿನ ಯೋಚನೆ ಬಿಡಿ ಸಾರ್. ಎರಡು ಗಂಟೆಗೆ ರಸ್ತೆ ಪೂರ್ತಿ ಕರೆಂಟ್ ತೆಗೆದು ಲೈನ್ ಬದಲಾಯಿಸ್ತೀವಿ ಅಂತಿದ್ರು. ಗ್ರೂಪಲ್ಲಿ ಹಾಕಿದ್ದೆ, ನೀವು ನೋಡಿರಲ್ಲ. ಅಮ್ಮ ಹೀಗೆ ಮಲಗಿರುವಾಗ ಫ್ಯಾನ್ ನಿಂತ್ರೆ ಹೇಗೆ? ಕೈ ಮುಗಿದು ಕೇಳ್ಕೊಂಡೆ. ಐದರವರೆಗೂ ಮುಟ್ಟಲ್ಲ ಅಂದಿದ್ದಾರೆ.”

ರಾಮಪ್ರಸಾದರ ಬಾಯಿ ಹಾಗೇ ಮುಚ್ಚಿಕೊಂಡಿತು. ಸಂಘದ ಗ್ರೂಪಿನ ಶುಭೋದಯಗಳ ಕಾಟ ತಾಳದೆ ಅವರು ಅದರ ಸದ್ದಡಗಿಸಿ ತಿಂಗಳುಗಳಾಗಿದ್ದವು. ಮನೆಯ ಇನ್ವರ್ಟರು ಎರಡು ದೀಪಕ್ಕೆ, ಒಂದು ಫ್ಯಾನಿಗೆ ಸಾಕು, ಆ ಕಾರ್ಡಿನ ಹಸಿವಿಗೆ ಸಾಲದು. ಅಮ್ಮ ಬದುಕಿದ್ದಾರೆ ಎಂದರೆ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಮಗಳ ವರ್ಷ ಹೋಗುತ್ತದೆ. ಅವರು ಬೆವರಿ ಒಳಗೆ ಹೋಗಿ, ಬಾಗಿಲು ಮುಚ್ಚಿ, ಅಮ್ಮನಿಗೆ ಅಮ್ಮನ ಸಾವಿನ ಸುದ್ದಿ ತಿಳಿಸಿದರು.

ಸೀತಮ್ಮ ಐಸಿನ ಗಾಳಿಗೆ ಶಾಲು ಹೊದ್ದು, ತಲೆಗೆ ಮಂಕಿ ಟೋಪಿ ಹಾಕಿ ಕೂತಿದ್ದರು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಚಳಿಯಾಗುತ್ತಿದ್ದದ್ದು ಅವರೊಬ್ಬರಿಗೇ. ಸುದ್ದಿಯನ್ನು ಪೂರ್ತಿ ಕೇಳಿ, ಮೊಮ್ಮಗಳ ಕಡೆ ನೋಡಿದರು. ಅವಳು ಪರದೆಯಿಂದ ಕಣ್ಣು ಕೀಳದೆ, ಕಣ್ಣೀರನ್ನು ತೋಳಿನಿಂದ ಒರೆಸಿಕೊಳ್ಳುತ್ತಿದ್ದಳು.

“ಐದು ಗಂಟೆವರೆಗೆ ತಾನೇ ರಾಮು? ಹೋದವಳಾಗೇ ಇರ್ತೀನಿ ಬಿಡು. ನೀನು ಸುಳ್ಳು ಹೇಳಬೇಡ. ಅವರು ಅಂದ್ಕೊಂಡಿದ್ದನ್ನ ಅಲ್ಲ ಅನ್ನಬೇಡ, ಅಷ್ಟೇ.”

ರಾಮಪ್ರಸಾದರು ಆ ಮಧ್ಯಾಹ್ನ ಒಂದೂ ಸುಳ್ಳು ಹೇಳಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ಅಮ್ಮ ಹೇಗಿದ್ದಾರೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಗೋಡೆಗೊರಗಿ ನಿಜವಾಗಿಯೂ ದುಃಖದಲ್ಲಿದ್ದರು. ಜನ ಬಂದು ಬಂದು ಸಮಾಧಾನ ಹೇಳಿದಷ್ಟೂ ಅವರಿಗೆ ಅಳು ಬರುತ್ತಿತ್ತು. ಇಂಥ ಅಳುವನ್ನು ನೋಡಿ ನಮಗೂ ಬಂತು.

ನಡುಮನೆಯ ಮಾತೆಲ್ಲ ಬಾಗಿಲ ಸಂದಿನಿಂದ ಸೀತಮ್ಮನವರಿಗೆ ಕೇಳುತ್ತಿತ್ತು. ವಿಲ್ಸನ್ ಗಾರ್ಡನ್ನಿನಿಂದ ದಾಯಾದಿ ಸೋಮನಾಥ್ ಬಂದು, ದೊಡ್ಡಮ್ಮ ನನ್ನನ್ನು ಸ್ವಂತ ಮಗನಂತೆ ಕಂಡರು ಎಂದು ಬಿಕ್ಕಿದರು. ತಮ್ಮದೇ ಮದುವೆಯಲ್ಲಿ ಸೀತಮ್ಮನವರು ಎರಡನೇ ಹೋಳಿಗೆ ಬಡಿಸದಿದ್ದ ಒಂದೇ ಕಾರಣಕ್ಕೆ ಈ ಸೋಮನಾಥ್ ಹತ್ತು ವರ್ಷ ಈ ಮನೆಗೆ ಕಾಲಿಟ್ಟಿರಲಿಲ್ಲ. ಒಳಗೆ ಸೀತಮ್ಮ ಮೊಮ್ಮಗಳ ಕಿವಿಯಲ್ಲಿ, ಬಡಿಸಬೇಕಾಗಿತ್ತು ಕಣೇ ಎಂದರು. ಭಾಗ್ಯಜ್ಯೋತಿಯ ದುಃಖ ಬೇರೆ ಬಗೆಯದು. ಸೀತಮ್ಮನವರು ತಮಗೆ ಸಾರಿನಪುಡಿ ಹೇಳಿಕೊಟ್ಟಾಗ ಒಂದು ಸಾಮಾನು ಬೇಕೆಂದೇ ಬಿಟ್ಟಿದ್ದರು, ಇಷ್ಟು ವರ್ಷ ಹುಡುಕಿಯೂ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ ಎಂದು ಕಣ್ಣೊರೆಸಿಕೊಂಡರು. ಸೀತಮ್ಮ ಈ ಸಲ ಸಣ್ಣಗೆ ನಕ್ಕರು ಅಷ್ಟೇ.

ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ವಿದ್ಯುತ್ ಇಲಾಖೆಯ ಜೂನಿಯರ್ ಇಂಜಿನಿಯರ್ ಶಿವಕಿರಣ್ ಬಂದರು. ಅವರ ಜನ ಹೊರಗೆ ಕಂಬಕ್ಕೆ ಏಣಿ ಒರಗಿಸಿಕೊಂಡು ಕಾಯುತ್ತಿದ್ದರು. ಕರೆಂಟು ತೆಗೆಯಲು ಬಂದರೆಂದು ರಾಮಪ್ರಸಾದರು ದಡಬಡಿಸಿ ಎದ್ದರು. ಶಿವಕಿರಣ್ ಮಾತ್ರ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು.

“ಕೆಲಸಕ್ಕೆ ಸೇರಿದ ಮೊದಲ ದಿನ ಈ ರಸ್ತೆಗೇ ಬಂದಿದ್ದೆ ಸಾರ್. ಇಡೀ ಬೆಂಗಳೂರಲ್ಲಿ ನನ್ನ ನೋಡಿದವರೆಲ್ಲ ಕರೆಂಟ್ ಯಾವಾಗ ಬರುತ್ತೆ ಅಂತ ಕೇಳ್ತಾರೆ. ಊಟ ಆಯ್ತಾ ಅಂತ ಕೇಳಿದ್ದು ಅಜ್ಜಿ ಒಬ್ಬರೇ. ಒಂದ್ಸಲ ಮುಖ ನೋಡಿ ಹೋಗ್ಲಾ?”

ರಾಮಪ್ರಸಾದರಿಗೆ ಇನ್ನು ತಡೆಯಲಾಗಲಿಲ್ಲ. ಈ ಮನುಷ್ಯನ ಮುಂದೆ ಸುಮ್ಮನಿರುವುದು ಸುಳ್ಳಿಗಿಂತ ಕೆಟ್ಟದ್ದು ಎನ್ನಿಸಿ, ಮಗಳ ವರ್ಷ ಹೋದರೆ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿ, “ಸಾರ್, ನಾನು ನಿಮಗೊಂದು ಮಾತು ಹೇಳ್ಬೇಕು,” ಎಂದು ಶುರುಮಾಡಿದರು.

ಆ ಮಾತನ್ನು ಅವರು ಹೇಳಬೇಕಾಗಲಿಲ್ಲ. ಬೆಳಗಿನಿಂದ ಐಸಿನ ಗಾಳಿ ಕುಡಿದ ಸೀತಮ್ಮನವರಿಗೆ ಒಳಗೆ ಸೀನು ಬಂತು. ಸೀತಮ್ಮನವರ ಸೀನು ನಮ್ಮ ರಸ್ತೆಗೆ ಹೊಸದಲ್ಲ. ಮೊದಲು ಮೂರು ಸಲ ಉಸಿರೆಳೆದು, ಆಮೇಲೆ ಕಿಟಕಿ ಅದುರುವಂತೆ ಸೀನಿ, ಕೊನೆಗೆ ಇಳಿದನಿಯಲ್ಲಿ ‘ಶ್ರೀಹರೀ’ ಎನ್ನುತ್ತಾರೆ. ಹಾಗೇ ಆಯಿತು. ಸೀನಿದ್ದು ಮೊಮ್ಮಗಳು ಎಂದುಕೊಳ್ಳಬಹುದಿತ್ತು, ಆದರೆ ಆ ಶ್ರೀಹರಿ ಬೇರೆ ಯಾರದೂ ಆಗಿರುವುದು ಸಾಧ್ಯವಿರಲಿಲ್ಲ. ಸೋಮನಾಥ್ ಕೂತಲ್ಲೇ ಗೋಡೆಗೆ ಅಂಟಿಕೊಂಡರು. ನಂದಕುಮಾರ್ ಅಧ್ಯಕ್ಷರ ಹೊಣೆ ಮರೆತು ನನ್ನ ಕೈ ಹಿಡಿದುಕೊಂಡರು.

ಬಾಗಿಲು ತೆರೆಯಿತು. ಶಾಲು, ಮಂಕಿ ಟೋಪಿ, ಹಿಂದಿನಿಂದ ತಣ್ಣನೆಯ ಹಬೆ. ಸೀತಮ್ಮ ಹೊಸಿಲಲ್ಲಿ ನಿಂತು ಶಿವಕಿರಣರನ್ನೇ ನೋಡಿದರು.

“ಊಟ ಆಯ್ತೇನಪ್ಪ?”

“ಇಲ್ಲ ಅಜ್ಜಿ,” ಎಂದರು ಶಿವಕಿರಣ್.

ಆಗ ರಾಮಪ್ರಸಾದರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಕಾರ್ಡು, ಅದರ ಉದ್ದ, ಅದರ ಶೆಕೆ, ಐಸು, ಉಪ್ಪಿಟ್ಟು. ತಪ್ಪು ತಮ್ಮದೊಬ್ಬರದೇ, ಬೇಕಾದರೆ ಈಗಲೇ ಕರೆಂಟು ತೆಗೆಯಿರಿ ಎಂದು ಕೈಮುಗಿದರು. ಜನರೆಲ್ಲ ಸೀತಮ್ಮನವರ ಹಿಂದೆ ಇಣುಕಿದರು. ಅಲ್ಲಿ ಬೆಂಚಿನ ಮೇಲೆ ಅಂಗಾತ ಮಲಗಿ, ಮೂರು ಫ್ಯಾನು ತಿರುಗಿಸುತ್ತಾ, ಐಸಿನ ಉಪಚಾರ ಪಡೆಯುತ್ತಿದ್ದ ಕರಿಯ ಕಾರ್ಡನ್ನು ಕಂಡರು. ಭಾಗ್ಯಜ್ಯೋತಿಗೆ ಸಿಟ್ಟು ಬರಬೇಕೋ ಸಮಾಧಾನವಾಗಬೇಕೋ ತಿಳಿಯಲಿಲ್ಲ. ಶಿವಕಿರಣ್ ಗಡಿಯಾರ ನೋಡಿ, ಹೊರಗೆ ತಲೆ ಹಾಕಿ, ಇನ್ನೂ ಏಣಿ ಹತ್ತದಂತೆ ತಮ್ಮವರಿಗೆ ಸನ್ನೆ ಮಾಡಿದರು.

“ಅಜ್ಜಿ ಇದ್ದಾರಲ್ಲ, ಅಷ್ಟು ಸಾಕು. ಮಗು ಕೆಲಸ ಮುಗಿಸ್ಲಿ.”

ಆಮೇಲಿನ ಹೊತ್ತು ಇಡೀ ಸಾವಿನ ಮನೆ ಉಸಿರು ಬಿಗಿಹಿಡಿದು ಕಾರ್ಡಿನ ಸುತ್ತ ನಿಂತಿತ್ತು. ಸೋಮನಾಥ್ ಹಳೆಯ ಕ್ಯಾಲೆಂಡರಿನಿಂದ ಅದಕ್ಕೆ ಗಾಳಿ ಹಾಕಿದರು. ನಂದಕುಮಾರ್ ಪರಾತದ ನೀರು ಮೊಗೆದು ಹೊರಗೆ ಚೆಲ್ಲಿದರು. ಐದಕ್ಕೆ ಸ್ವಲ್ಪ ಮೊದಲು ಪ್ರಕೃತಿ ಕುರ್ಚಿಗೆ ಒರಗಿ, “ಹೋಯ್ತು ಅಪ್ಪ, ಕಾಲೇಜಿಗೆ ಹೋಯ್ತು,” ಎಂದಳು. ಅವರಿಬ್ಬರೂ ಅತ್ತದ್ದನ್ನು ನೋಡಿ ಅಂದು ಎರಡನೇ ಸಲ ನಾವೂ ಅತ್ತೆವು.

ಬಂದವರೆಲ್ಲ ಚಿತ್ರ ನೋಡಿಯೇ ಹೋಗುತ್ತೇವೆಂದು ಹಟ ಹಿಡಿದರು. ಚಿತ್ರ ಪುಟ್ಟದು. ಒಂದು ಗೇಟು, ಒಂದು ಹುಡುಗಿ, ಅವಳು ಮುಳುಗಿಹೋಗುವಷ್ಟು ದೊಡ್ಡ ಯೂನಿಫಾರಂ. ಒಬ್ಬ ಅಪ್ಪ ಕುಕ್ಕರಗಾಲಲ್ಲಿ ಕೂತು ಅವಳ ತೋಳನ್ನು ಮಡಿಸುತ್ತಾನೆ. ಬೆಳಕು ಬದಲಾಗುತ್ತದೆ, ಮತ್ತೆ ಬೆಳಗ್ಗೆಯಾಗುತ್ತದೆ, ಅವನು ಮತ್ತೆ ಮಡಿಸುತ್ತಾನೆ. ಪ್ರತಿ ಸಲ ಒಂದು ಮಡಿಕೆ ಕಡಿಮೆ. ಕೊನೆಯ ಬೆಳಗ್ಗೆ ಅವನು ಎಂದಿನಂತೆ ಕೂತು ಕೈ ಚಾಚುತ್ತಾನೆ. ಮಡಿಸಲು ಏನೂ ಉಳಿದಿರುವುದಿಲ್ಲ. ಹುಡುಗಿ ಅವನ ಆ ಎರಡು ಕೈಗಳನ್ನು ಹಿಡಿದು ಮೇಲೆಬ್ಬಿಸುತ್ತಾಳೆ. ಅಷ್ಟೇ.

ರಾಮಪ್ರಸಾದರು ಕೆಮ್ಮಿ, ಅಷ್ಟೊಂದು ಮಡಿಕೆ ಬಂದದ್ದಕ್ಕೇ ಕಾರ್ಡು ಬಿಸಿಯಾಯಿತು, ನಾನು ಸರಿಯಾದ ಸೈಜ್ ತರುತ್ತಿದ್ದರೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ ಎಂದರು.

“ಕಾರ್ಡು ಚಿಕ್ಕದು ತಂದಿದ್ರೆ ಈ ಶೆಕೆಗೆ ಬುಧವಾರಾನೇ ಕೈ ಕೊಡ್ತಿತ್ತು,” ಎಂದಳು ಪ್ರಕೃತಿ. “ನೀನು ತಂದಿದ್ದರಲ್ಲಿ ಇದೊಂದು ಸರಿಯಾಗಿ ಹಿಡಿಸ್ತು ಅಪ್ಪ.”

ಆಗ ಶಿವಕಿರಣರ ಜನ ಹೊರಗೆ ಕರೆಂಟು ತೆಗೆದರು. ಎಲ್ಲ ಫ್ಯಾನುಗಳೂ ನಿಂತು ಮನೆ ನಿಶ್ಶಬ್ದವಾಯಿತು. ಜನ ಒಬ್ಬೊಬ್ಬರಾಗಿ ಎದ್ದು, ಈ ಸಲ ಜ್ಞಾಪಕ ಮಾಡಿಕೊಂಡು, ಬರ್ತೀವಿ ಎಂದು ಎರಡೆರಡು ಸಲ ಹೇಳಿದರು. ಭಾಗ್ಯಜ್ಯೋತಿ ಹೊಸಿಲು ದಾಟುವಾಗ ಸೀತಮ್ಮ ಹಿಂದಿನಿಂದ ಕೂಗಿ, ಒಂದು ಹಿಡಿ ಕರಿಬೇವು ನೆರಳಲ್ಲಿ ಒಣಗಿಸಿ ಹುರಿದು ಹಾಕು ಎಂದರು. ಉಳಿದದ್ದು ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಹಾರ. ಅದನ್ನು ಹಿಂದಕ್ಕೆ ಒಯ್ಯಬೇಕೋ ಬಿಡಬೇಕೋ ತಿಳಿಯದೆ ನಂದಕುಮಾರ್ ನಾಚಿ ನಿಂತಿದ್ದರು. ಸೀತಮ್ಮ ಅದರ ಒಂದು ತುದಿಯನ್ನೆತ್ತಿ ಕೊರಳ ಹತ್ತಿರ ಹಿಡಿದು ಅಳತೆ ನೋಡಿದರು. ಇನ್ನೊಂದು ತುದಿ ಪಾದ ದಾಟಿ ನೆಲದ ಮೇಲೆ ಬಿದ್ದಿತ್ತು.

“ಇದೂ ಒಂದು ಸೈಜ್ ದೊಡ್ಡದೇ ಆಯ್ತಲ್ಲ ನಂ‌ದಕುಮಾರ್,” ಎಂದರು. “ಇರ್ಲಿ ಬಿಡಿ. ಬೆಳೆದ ಮೇಲೆ ಹಾಕ್ಕೊಳ್ತೀನಿ.”